ಯಜಮಾನರನ್ನು ಕಳಿಸಿ ಮೇಡಂ

ನಮ್ಮ ಊರುಗಳಲ್ಲಿ ಹೆಂಗಸರು ಕಾರು ಓಡಿಸುವುದು ಈಗ ಯಾರಿಗೂ ಅಚ್ಚರಿಯ ಸಂಗತಿಯಲ್ಲ. ಮಕ್ಕಳನ್ನು ಶಾಲೆಗೆ ಬಿಡಲು, ಅತ್ತೆಯವರನ್ನು ಆಸ್ಪತ್ರೆಗೆ ಕರೆದೊಯ್ಯಲು, ಮದುವೆಮನೆಗೆ ತೆಂಗಿನಕಾಯಿ ಮೂಟೆ ಸಾಗಿಸಲು ನಮ್ಮ ಡ್ರೈವಿಂಗ್ ಎಲ್ಲರಿಗೂ ಬೇಕು. ಆದರೆ ಅದೇ ಕಾರಿನ ಬಾನೆಟ್ ಎತ್ತಿದ ಕೂಡಲೇ ನಾವು ಎರಡು ಹೆಜ್ಜೆ ಹಿಂದೆ ಸರಿದು ನಿಲ್ಲಬೇಕು. ಸ್ಟೀರಿಂಗ್ ನಮಗೆ, ಇಂಜಿನ್ ಗಂಡಸರಿಗೆ! ಈ ಪಾಲುಪಟ್ಟಿ ಬರೆದವರು ಯಾರು? ಅದಕ್ಕೆ ನಮ್ಮ ರುಜು ಪಡೆದವರು ಯಾರು?

ಒಂದು ಸಾಮಾನ್ಯ ಕಾಯಿಲೆಯನ್ನೇ ತೆಗೆದುಕೊಳ್ಳಿ. ಸಿಗ್ನಲ್ಲಿನಲ್ಲಿ ನಿಂತಾಗ ಕಾರು ಗಡಗಡ ನಡುಗುತ್ತದೆ, ಸದ್ದು ಏರಿಳಿಯುತ್ತದೆ, ಒಮ್ಮೊಮ್ಮೆ ಆಫ್ ಆಗಿಯೇಬಿಡುತ್ತದೆ. ಗ್ಯಾರೇಜಿನ ಭಾಷೆಯಲ್ಲಿ ಇದು ‘ಐಡ್ಲಿಂಗ್ ಸರಿಯಿಲ್ಲ’. ಸಾಮಾನ್ಯವಾಗಿ ಪೆಟ್ರೋಲ್ ಕಾರಿನ ಇಂಜಿನ್ ನಿಂತಲ್ಲೇ ಓಡುವಾಗ ನಿಮಿಷಕ್ಕೆ 700ರಿಂದ 900 ಸುತ್ತು, ಒಂದೇ ಹದದಲ್ಲಿ ತಿರುಗಬೇಕು. ಆ ಹದ ತಪ್ಪಿದೆ ಎಂದು ಮೊದಲು ತಿಳಿಯುವುದು ಯಾರಿಗೆ? ದಿನವೂ ಅದರಲ್ಲಿ ಕೂರುವ ನಮಗೆ.

ನಮ್ಮ ಕಾರಿಗೆ ಇದು ಬಂದಾಗ ನಾನು ಗ್ಯಾರೇಜಿನವನಿಗೆ ವಿವರವಾಗಿಯೇ ಹೇಳಿದೆ: ‘ನಿಂತಾಗ ಮಾತ್ರ ನಡುಕ. ಆಕ್ಸಿಲರೇಟರ್ ಒತ್ತಿದರೆ ಸರಿಹೋಗುತ್ತೆ. ಬಾನೆಟ್ಟಿನೊಳಗಿಂದ ಸುಸ್ ಎಂಬ ಸಣ್ಣ ಸದ್ದು ಬರುತ್ತೆ.’ ಆತ ಪೂರ್ತಿ ಕೇಳಿಸಿಕೊಳ್ಳಲೂ ಇಲ್ಲ. ‘ಯಜಮಾನರನ್ನು ಕಳಿಸಿ ಮೇಡಂ, ಅವರ ಹತ್ತಿರ ಮಾತಾಡ್ತೀನಿ’ ಎಂದ. ನಮ್ಮ ಯಜಮಾನರಿಗೋ, ಕಾರು ಓಡಿಸಲೇ ಬರುವುದಿಲ್ಲ! ಅವರು ಫೋನಿನಲ್ಲಿ ಹೂಂಗುಟ್ಟಿದರು. ಪ್ಲಗ್ಗು, ಕಾಯಿಲು, ಏರ್ ಫಿಲ್ಟರು ಎಲ್ಲ ಹೊಸದಾದವು. ನಡುಕ ಮಾತ್ರ ಹಳೆಯದೇ ಉಳಿಯಿತು. ಕೊನೆಗೆ ನನ್ನ ಮಾತು ಕೇಳಿಸಿಕೊಂಡ ಇನ್ನೊಬ್ಬ ಮೆಕ್ಯಾನಿಕ್ ನೇರವಾಗಿ ಆ ಸದ್ದಿನ ಜಾಡು ಹಿಡಿದ. ಬಿರುಕು ಬಿಟ್ಟ ಗೇಣುದ್ದದ ರಬ್ಬರ್ ಪೈಪು ಸಿಕ್ಕಿತು.

ಇದರಲ್ಲಿ ಬ್ರಹ್ಮವಿದ್ಯೆ ಏನಿದೆ? ಗ್ಯಾಸ್ ಒಲೆಯ ಉರಿ ಹಳದಿಯಾದರೆ ಗಾಳಿ ಸಾಲದೆಂದು ನಮಗೆ ಗೊತ್ತು. ಇಂಜಿನ್ನಿನದೂ ಅದೇ ಲೆಕ್ಕ. ಒಂದು ಪಾಲು ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು. ಪೈಪು ಸೀಳಿದರೆ ಲೆಕ್ಕಕ್ಕೆ ಸಿಗದ ಗಾಳಿ ಒಳನುಗ್ಗುತ್ತದೆ. ನಿಂತಾಗ ಇಂಜಿನ್ ಎಳೆಯುವ ಗಾಳಿಯೇ ಕಡಿಮೆ, ಆದ್ದರಿಂದ ಈ ಕಳ್ಳಗಾಳಿಯಿಂದ ಹದ ಕೆಡುತ್ತದೆ. ವೇಗ ಕೊಟ್ಟಾಗ ಅದರ ಪಾಲು ಕಿರಿದಾಗಿ ನಡುಕ ಅಡಗುತ್ತದೆ. ನಾನು ಹೇಳಿದ ಮೂರು ವಾಕ್ಯಗಳಲ್ಲಿ ರೋಗದ ಹೆಸರೇ ಇತ್ತು.

ಇನ್ನೂ ಕೆಲವು ಗುರುತುಗಳಿವೆ. ಸುತ್ತು ತೋರಿಸುವ ಮುಳ್ಳು ಸ್ಥಿರವಾಗಿದ್ದೂ ಸೀಟು ನಡುಗಿದರೆ, ಇಂಜಿನ್ ಕೂರಿಸಿರುವ ಮೌಂಟಿಂಗ್ ರಬ್ಬರು ಸವೆದಿರಬಹುದು. ಏಸಿ ಹಾಕಿದೊಡನೆ ಉಸಿರು ಕಟ್ಟಿದಂತಾದರೆ, ಗಾಳಿ ಹೋಗುವ ಥ್ರಾಟಲ್ ಬಾಡಿಯಲ್ಲಿ ಮಸಿ ಕಟ್ಟಿರಬಹುದು. ಹೊಸ ಸಾಮಾನು ಹಾಕುವ ಮೊದಲು ಅದನ್ನು ತೊಳೆಸಿ ನೋಡಬೇಕು. ಇಂಜಿನ್ನಿನ ಎಚ್ಚರಿಕೆ ದೀಪ ಹತ್ತಿದ್ದರೆ ಸ್ಕ್ಯಾನರ್ ಹಾಕಿಸಿ ಕೋಡ್ ಕೇಳಿ. ‘ಪಿ0301’ ಎಂದರೆ ಒಂದನೇ ಸಿಲಿಂಡರ್ ಸರಿಯಾಗಿ ಉರಿಯುತ್ತಿಲ್ಲ ಎಂದಷ್ಟೇ ಅರ್ಥ, ಕಾಯಿಲ್ ಬದಲಿಸಿ ಎಂದಲ್ಲ. ಪ್ಲಗ್ಗಿಗೊಂದು ಕಾಯಿಲ್ ಇರುವ ಕಾರಿನಲ್ಲಿ ಒಂದನೆಯದನ್ನೂ ಎರಡನೆಯದನ್ನೂ ಅದಲುಬದಲು ಮಾಡಿಸಿ. ಕೋಡ್ ‘ಪಿ0302’ ಆದರೆ ಕಾಯಿಲೇ ಕಳ್ಳ. ಆಗದಿದ್ದರೆ ಪ್ಲಗ್ಗು, ಇಂಜೆಕ್ಟರು ಮುಂತಾದವನ್ನು ನೋಡಬೇಕು. ಈ ಪರೀಕ್ಷೆಗೆ ಹೊಸ ಸಾಮಾನೇ ಬೇಡ. ಆ ದೀಪ ಮಿಣಮಿಣ ಮಿನುಗುತ್ತಿದ್ದರೆ ಮಾತ್ರ ಗಾಡಿಯನ್ನು ಮುಂದೆ ಓಡಿಸಬೇಡಿ. ಉರಿಯದ ಪೆಟ್ರೋಲ್ ಹೊಗೆಕೊಳವೆಯ ದುಬಾರಿ ಕನ್ವರ್ಟರನ್ನು ಸುಟ್ಟುಬಿಡಬಹುದು.

1983ರಲ್ಲಿ ಬಂದ ಮಾರುತಿ 800ರಂಥ ಕಾರ್ಬುರೇಟರ್ ಕಾರುಗಳಲ್ಲಿ ಸ್ಕ್ರೂ ತಿರುಗಿಸಿ ಐಡ್ಲಿಂಗ್ ಏರಿಸಿಬಿಟ್ಟರೆ ನಡುಕ ಮುಚ್ಚಿಹೋಗುತ್ತಿತ್ತು, ರೋಗ ಹಾಗೆಯೇ ಇರುತ್ತಿತ್ತು. ಕಾರಣ ಹುಡುಕದೆ ಒಂದೊಂದೇ ಸಾಮಾನು ಬದಲಿಸುವುದು ಅದರ ಹೊಸ ಅವತಾರ. ವ್ಯತ್ಯಾಸವೆಂದರೆ ಈಗ ಬಿಲ್ಲು ಉದ್ದ.

‘ನಮಗೇಕಮ್ಮ ಈ ಉಸಾಬರಿ, ಮೆಕ್ಯಾನಿಕ್ ಇಲ್ಲವೇ?’ ಎಂದು ಗೆಳತಿಯರು ಕೇಳುತ್ತಾರೆ. ಸ್ಪ್ಯಾನರ್ ಹಿಡಿಯಿರಿ ಎಂದು ನಾನು ಹೇಳುತ್ತಿಲ್ಲ. ಮಗುವಿಗೆ ಜ್ವರ ಬಂದರೆ ಎಂದಿನಿಂದ, ರಾತ್ರಿಯೋ ಹಗಲೋ, ವಾಂತಿ ಇದೆಯೋ ಇಲ್ಲವೋ ಎಂದು ಡಾಕ್ಟರಿಗೆ ಹೇಳುವವರು ನಾವೇ ತಾನೆ? ‘ತಂದೆಯನ್ನು ಕಳಿಸಿ’ ಎಂದು ಡಾಕ್ಟರು ಹೇಳಿದರೆ ಸುಮ್ಮನಿರುತ್ತೇವೆಯೇ? ಕೆಲಸ ಬಲ್ಲ ಮೆಕ್ಯಾನಿಕ್ಕಿಗೆ ನಮ್ಮ ವಿವರ ಉಪದ್ರವವಲ್ಲ, ಅರ್ಧ ಕೆಲಸ.

ಇಂಜಿನ್ನಿಗೂ ಹೆಣ್ಣಿಗೂ ಆಗಿಬರುವುದಿಲ್ಲ ಎನ್ನುವವರಿಗೆ ಬರ್ಟಾ ಬೆಂಜ್ ಕಥೆ ಹೇಳಿ. ಮೋಟಾರು ಕಾರು ಕಟ್ಟಿದ ಕಾರ್ಲ್ ಬೆಂಜ್‌ನ ಹೆಂಡತಿ ಆಕೆ. 1888ರ ಆಗಸ್ಟಿನಲ್ಲಿ ಗಂಡನಿಗೆ ಹೇಳದೆ, ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು ಜರ್ಮನಿಯ ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ವರೆಗೆ, ಸುಮಾರು 100 ಕಿಲೋಮೀಟರು ಕಾರಿನಲ್ಲಿ ಹೋದಳು. ಕಾರಿನಲ್ಲಿ ಅಷ್ಟು ದೂರ ಹೋದ ಮೊದಲಿಗಳು ಅವಳೇ. ದಾರಿಯಲ್ಲಿ ಇಂಧನದ ಕೊಳವೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಬಿಡಿಸಿದಳು. ಅಂದು ಅವಳು ಯಾವ ಯಜಮಾನರನ್ನು ಕರೆಸಬೇಕಿತ್ತು?

ಆದ್ದರಿಂದ ಅಕ್ಕಂದಿರೇ, ಯಾವ ಸಾಮಾನು ಬದಲಿಸುವ ಮೊದಲೂ ‘ಇದೇ ಕೆಟ್ಟಿದೆ ಎಂದು ಹೇಗೆ ಗೊತ್ತಾಯಿತು?’ ಎಂದು ಕೇಳಿ. ಕೋಡನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ತೆಗೆದ ಹಳೆಯ ಸಾಮಾನನ್ನು ಕೇಳಿ ಪಡೆಯಿರಿ. ಉತ್ತರ ಕೊಡಲಾಗದ ಗ್ಯಾರೇಜಿನಿಂದ ಗಾಡಿ ತಿರುಗಿಸಿಕೊಂಡು ಬನ್ನಿ. ಓಡಿಸಲಂತೂ ನಮಗೆ ಬರುತ್ತದೆ.