ಅಂಗಡಿಯಲ್ಲಿ ಅವನಿಗೊಂದು ಜಾಗ ಕೊಡಿ

ನಮ್ಮ ಎಷ್ಟೋ ಮನೆಗಳಲ್ಲಿ ಮೂವತ್ತು, ಮೂವತ್ತೈದು ದಾಟಿದ ‘ಮಕ್ಕಳು’ ಇದ್ದಾರೆ. ಗಡ್ಡ ಬಂದಿದೆ, ತಲೆಯಲ್ಲಿ ಒಂದೆರಡು ಬಿಳಿ ಕೂದಲೂ ಕಾಣುತ್ತಿದೆ. ಆದರೂ ಏನು ಬೇಕೆಂದು ಅವನನ್ನು ಯಾರೂ ಕೇಳುವುದಿಲ್ಲ. ಪಕ್ಕದಲ್ಲಿ ಕೂತ ಉಮ್ಮನನ್ನು ಕೇಳುತ್ತಾರೆ: “ಮೋನುಗೆ ಚಾಯ ಕೊಡಲಾ?” ಆಟಿಸಂ ಇರುವ ವಯಸ್ಕರಿಗೆ ಸಪೋರ್ಟ್ ಕೋ-ಆರ್ಡಿನೇಟರ್ ಆಗಿ ಕೆಲಸ ಮಾಡುವ ನಾನು ಮಂಜೇಶ್ವರ, ಉಪ್ಪಳ, ಕುಂಬಳೆಯ ಮನೆಗಳಲ್ಲಿ ನೋಡುವುದು ಇದನ್ನೇ. ನಾವು ಇದನ್ನು ಪ್ರೀತಿ ಎನ್ನುತ್ತೇವೆ. ಪ್ರೀತಿ ಇರುವುದು ಸುಳ್ಳಲ್ಲ. ಆದರೆ ಆ ಪ್ರೀತಿ ಒಬ್ಬ ಗಂಡಸನ್ನು, ಒಬ್ಬ ಹೆಂಗಸನ್ನು ಮನೆಯ ಮೂಲೆಯಲ್ಲಿ ಕೂರಿಸಿ ಬೆಳೆಯದಂತೆ ಮಾಡಿದೆ.

“ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದವನಿಗೆ ಹುಚ್ಚರ ಜೊತೆ ಏನು ಕೆಲಸ?” ಎಂದು ನನ್ನನ್ನು ಕೇಳಿದವರಿದ್ದಾರೆ. ಆಟಿಸಂ ಹುಚ್ಚಲ್ಲ. ಹುಟ್ಟಿನಿಂದಲೇ ಮೆದುಳು ಬೇರೆ ರೀತಿಯಲ್ಲಿ ಬೆಳೆದಿರುತ್ತದೆ. ಮಿಕ್ಸಿಯ ಸದ್ದು ಕೆಲವರಿಗೆ ಕಿವಿಯಲ್ಲಿ ಸೂಜಿ ಚುಚ್ಚಿದ ಹಾಗೆ. ಕೆಲವರು ಮಾತಾಡುವುದಿಲ್ಲ, ಆದರೆ ನಾವು ಆಡಿದ್ದನ್ನೆಲ್ಲ ಕೇಳಿಸಿಕೊಳ್ಳುತ್ತಾರೆ. ದಿನಚರಿ ತಪ್ಪಿದರೆ ಹಲವರು ಕಂಗೆಡುತ್ತಾರೆ. ನಾನು ಮದ್ದು ಕೊಡುವವನಲ್ಲ. ಒಂದು ಕೆಲಸವನ್ನು ಸಣ್ಣ ಸಣ್ಣ ಹಂತಗಳಾಗಿ ಬಿಡಿಸಿ, ಚಿತ್ರ ಮಾಡಿ ಗೋಡೆಗೆ ಅಂಟಿಸುತ್ತೇನೆ. ಬಸ್ಸಿನಲ್ಲಿ ಒಬ್ಬನೇ ಹೋಗಲು ಕಲಿಸುತ್ತೇನೆ: ಮೊದಲು ಪಕ್ಕದ ಸೀಟಿನಲ್ಲಿ ಕೂತು, ಆಮೇಲೆ ಹಿಂದಿನ ಸೀಟಿನಲ್ಲಿ, ಕೊನೆಗೆ ಇಳಿಯುವ ಸ್ಟಾಪಿನಲ್ಲಿ ಕಾದು ನಿಂತು. ಯುಡಿಐಡಿ ಕಾರ್ಡು, ಬ್ಯಾಂಕ್ ಖಾತೆ, ಪಂಚಾಯತಿನ ಅರ್ಜಿ ಎಂದು ಓಡಾಡುತ್ತೇನೆ. ಇದರಲ್ಲಿ ಕಷ್ಟದ್ದು ಯಾವುದೆಂದು ಕೇಳಿದರೆ, ಮನೆಯವರನ್ನು ಒಪ್ಪಿಸುವುದು ಎನ್ನುತ್ತೇನೆ.

ತಂಗಿಯನ್ನು ನೋಡಲು ಗಂಡಿನ ಕಡೆಯವರು ಬರುವ ದಿನ ಅಣ್ಣನನ್ನು ಮಾವನ ಮನೆಗೆ ಕಳಿಸುವ ಪದ್ಧತಿ ನಮ್ಮಲ್ಲಿದೆ. ಅವನು ವಾಪಸು ಬಂದ ಮೇಲೆ ಎರಡು ದಿನ ಊಟ ಬಿಟ್ಟರೆ “ಹಠ” ಎನ್ನುತ್ತೇವೆ. ಆಟಿಸಂ ಇರುವ ಹೆಣ್ಣುಮಕ್ಕಳ ಪಾಡು ಇನ್ನೂ ಕಷ್ಟ. ಅವರು ಇದ್ದಾರೆಂದು ಪಕ್ಕದ ಮನೆಯವರಿಗೂ ಗೊತ್ತಿರುವುದಿಲ್ಲ. ಇನ್ನು ಕೆಲವರ ಪರಿಹಾರ ನಿಕಾಹ್: “ಮದುವೆಯಾದರೆ ಸರಿಹೋಗುತ್ತಾನೆ.” ಸರಿಹೋಗುವುದಿಲ್ಲ. ಅವನಿಗೆ ಮದುವೆ ಬೇಕಾಗಿದ್ದರೆ, ಹುಡುಗಿಗೆ ಎಲ್ಲವೂ ಗೊತ್ತಿದ್ದು ಒಪ್ಪಿದರೆ, ತಡೆಯಲು ನಾವು ಯಾರು? ಆದರೆ ವಿಷಯ ಮುಚ್ಚಿಟ್ಟು, ಬಡವರ ಮನೆಯ ಹುಡುಗಿಯನ್ನು ಸಂಬಳವಿಲ್ಲದ ನರ್ಸ್ ಮಾಡಿ ತರುವುದು ಮೋಸ. ಆ ಮೋಸಕ್ಕೆ ಇಬ್ಬರು ಬಲಿಯಾಗುತ್ತಾರೆ.

ನಾನು ಅಂಗಡಿಯವನ ಮಗ, ಹಾಗಾಗಿ ಅಂಗಡಿಯ ಮಾತಿಗೇ ಬರುತ್ತೇನೆ. ವ್ಯಾಪಾರ ನಮ್ಮ ಜನರ ಹಳೆಯ ಕಸುಬು. ಸಕ್ಕರೆ ತೂಗಿ ಅರ್ಧ ಕಿಲೋ, ಒಂದು ಕಿಲೋ ಪ್ಯಾಕೆಟ್ ಮಾಡುವುದು, ಹಳೆ ಸ್ಟಾಕ್ ಮುಂದೆ ಇಟ್ಟು ಹೊಸದನ್ನು ಹಿಂದೆ ತಳ್ಳುವುದು, ಎಕ್ಸ್‌ಪೈರಿ ಡೇಟ್ ನೋಡುವುದು: ಇದರಲ್ಲಿ ನಮಗೆ ಹತ್ತು ನಿಮಿಷಕ್ಕೆ ಬೇಸರ ಬರುತ್ತದೆ. ಆದರೆ ಒಂದೇ ಕ್ರಮವನ್ನು ಇಷ್ಟಪಡುವ, ಸಣ್ಣ ವ್ಯತ್ಯಾಸವನ್ನೂ ಗಮನಿಸುವ ಕೆಲವರು ಇದನ್ನು ನಮಗಿಂತ ಚೆನ್ನಾಗಿ ಮಾಡುತ್ತಾರೆ. ಇಂಥವರಿಗೆ ರಂಜಾನಿನಲ್ಲಿ ಕಿಟ್ ಕೊಡಲು ನಾವು ಸಾಲು ನಿಲ್ಲುತ್ತೇವೆ; ಗೋಡೌನಿನಲ್ಲಿ ದಿನಕ್ಕೆ ಮೂರು ಗಂಟೆ ಕೆಲಸ ಕೊಡಿ ಎಂದರೆ “ಕಸ್ಟಮರ್ ಏನು ಹೇಳ್ತಾರೆ?” ಎನ್ನುತ್ತೇವೆ.

ಈ ಮಾತಿಗೆ ಉತ್ತರ ಆಟಿಸಂನ ಚರಿತ್ರೆಯಲ್ಲೇ ಇದೆ. 1943ರಲ್ಲಿ ಅಮೆರಿಕದ ವೈದ್ಯ ಲಿಯೋ ಕ್ಯಾನರ್ ಹನ್ನೊಂದು ಮಕ್ಕಳ ಬಗ್ಗೆ ಬರೆದ ಲೇಖನದಿಂದ ಆಟಿಸಂ ವೈದ್ಯಲೋಕದಲ್ಲಿ ಗುರುತಿಸಿಕೊಂಡಿತು. ಅದರಲ್ಲಿ ಮೊದಲನೆಯವನು ಮಿಸಿಸಿಪ್ಪಿಯ ಫಾರೆಸ್ಟ್ ಎಂಬ ಸಣ್ಣ ಊರಿನ ಡೊನಾಲ್ಡ್ ಟ್ರಿಪ್ಲೆಟ್. ಚಿಕ್ಕಂದಿನಲ್ಲಿ ಅವನನ್ನು ಒಂದು ಸಂಸ್ಥೆಗೆ ಸೇರಿಸಿದ್ದರು. ತಂದೆ ತಾಯಿ ಮನೆಗೆ ವಾಪಸು ಕರೆತಂದರು. ದೊಡ್ಡವನಾದ ಮೇಲೆ ಅವನು ತಾಯಿಯ ಮನೆಯವರು ನಡೆಸುತ್ತಿದ್ದ ಊರಿನ ಬ್ಯಾಂಕಿನಲ್ಲೇ ದಶಕಗಟ್ಟಲೆ ಕೆಲಸ ಮಾಡಿದ. ಕಾರು ಓಡಿಸಿದ, ಗಾಲ್ಫ್ ಆಡಿದ, ಒಬ್ಬನೇ ದೇಶ ಸುತ್ತಿದ. 2023ರಲ್ಲಿ, 89ನೇ ವಯಸ್ಸಿನಲ್ಲಿ ತೀರಿಕೊಂಡ. ಅವರದ್ದು ಹಣವಂತ ಕುಟುಂಬ, ನಿಜ. ಆದರೆ ನಮ್ಮಲ್ಲೂ ಹಣವಂತರು ಕಡಿಮೆಯೇ? ಬ್ಯಾಂಕ್ ಇಲ್ಲದಿರಬಹುದು, ಸೂಪರ್ ಮಾರ್ಕೆಟ್, ಬಟ್ಟೆ ಅಂಗಡಿ, ಬೇಕರಿ, ಹಾರ್ಡ್‌ವೇರ್ ಇದೆಯಲ್ಲ!

ಕೆಲಸ ಎಂದ ಮೇಲೆ ಸಂಬಳವೂ ಇರಬೇಕು. ಚಾಯ ಕುಡಿಸಿ, ಬೆನ್ನು ತಟ್ಟಿ ಕಳಿಸುವುದು ಸಂಬಳವಲ್ಲ. ಎಲ್ಲರಿಗೂ ಅಂಗಡಿ ಕೆಲಸ ಆಗುವುದಿಲ್ಲ ಎಂಬುದೂ ನಿಜ. ದಿನವಿಡೀ ಒಬ್ಬರು ಜೊತೆಗಿರಲೇಬೇಕಾದವರೂ ಇದ್ದಾರೆ. ಅವರಿಗೂ ಇವತ್ತು ಯಾವ ಅಂಗಿ, ಯಾವ ಊಟ ಎಂದು ಆರಿಸುವ ಹಕ್ಕಿದೆ. ಅವರ ಉಮ್ಮನಿಗೆ ವಾರಕ್ಕೊಂದು ದಿನ ಬಿಡುವಿನ ಹಕ್ಕಿದೆ. ನಮ್ಮ ಕೇರಳದಲ್ಲಿ ಪಂಚಾಯತ್ ಮತ್ತು ಕುಟುಂಬಶ್ರೀ ಮೂಲಕ ನಡೆಯುವ ಬಡ್ಸ್ ಸ್ಕೂಲುಗಳಿವೆ; 18 ದಾಟಿದವರಿಗೆ ಬಡ್ಸ್ ಪುನರ್ವಸತಿ ಕೇಂದ್ರಗಳಿವೆ. “ಜನ ನೋಡ್ತಾರೆ” ಎಂದು ಅಲ್ಲಿಗೂ ಕಳಿಸದೆ ಬಾಗಿಲು ಹಾಕಿಕೊಂಡರೆ ಸರ್ಕಾರವನ್ನು ಬೈದು ಏನು ಪ್ರಯೋಜನ?

ಇಷ್ಟಾದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ, ಯಾರೂ ಬಾಯಿಬಿಟ್ಟು ಕೇಳದ ಪ್ರಶ್ನೆ: ಉಮ್ಮನ ನಂತರ ಯಾರು? “ಅಣ್ಣ ಗಲ್ಫಿನಲ್ಲಿದ್ದಾನೆ, ನೋಡಿಕೊಳ್ತಾನೆ” ಎಂಬುದು ಉತ್ತರವಲ್ಲ. ಅಣ್ಣನನ್ನೇ ಕೇಳಿದ್ದೀರಾ? ಮೆಷಿನ್ ಕೆಟ್ಟ ಮೇಲೆ ರಿಪೇರಿ ಮಾಡುವುದಕ್ಕಿಂತ ಕೆಡುವ ಮೊದಲೇ ನೋಡಿಕೊಳ್ಳಬೇಕೆಂದು ನನಗೆ ಡಿಪ್ಲೊಮಾದಲ್ಲಿ ಕಲಿಸಿದ್ದರು. ಮನೆಗೂ ಅದೇ ಲೆಕ್ಕ. ಮಗನಿಗೆ 18 ತುಂಬಿದರೆ ಕಾನೂನಿನ ಕಣ್ಣಲ್ಲಿ ಅವನು ವಯಸ್ಕ. ತಂದೆ ತಾಯಿ ತಾವಾಗಿಯೇ ಅವನ ಗಾರ್ಡಿಯನ್ ಆಗಿ ಮುಂದುವರಿಯುವುದಿಲ್ಲ. ಅಗತ್ಯವಿರುವವರಿಗೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಂತೆ ಜಿಲ್ಲೆಯ ಲೋಕಲ್ ಲೆವೆಲ್ ಕಮಿಟಿ ಗಾರ್ಡಿಯನ್ ನೇಮಿಸುತ್ತದೆ. ಅದೇ ಟ್ರಸ್ಟಿನ ನಿರಾಮಯ ವಿಮೆಯಲ್ಲಿ ಒಂದು ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಖರ್ಚು ಸಿಗುತ್ತದೆ. ಗಾರ್ಡಿಯನ್ ಎಂದರೆ ಯಜಮಾನ ಎಂದು ತಿಳಿಯಬೇಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೇಳುವ ಸೀಮಿತ ಗಾರ್ಡಿಯನ್‌ಶಿಪ್‌ನಲ್ಲಿ ತೀರ್ಮಾನವನ್ನು ಅವನ ಜೊತೆ ಸೇರಿ, ಅವನ ಇಷ್ಟ ತಿಳಿದು ಮಾಡಬೇಕು.

ಈ ಮಾತು ಓದಿ ಕೋಪ ಬಂದರೆ ಬರಲಿ. ಮನೆಯಲ್ಲಿ ಅಂಥವರಿದ್ದರೆ ಈ ವರ್ಷವೇ ಕಾಗದಪತ್ರ ಮಾಡಿಸಿ. ನಿಮ್ಮ ನಂತರ ಯಾರೆಂದು ಮಕ್ಕಳನ್ನೆಲ್ಲ ಕೂರಿಸಿ, ಅವನನ್ನೂ ಕೂರಿಸಿ ಮಾತಾಡಿ. ಅಂಗಡಿ ಇರುವ ಕಾಕಂದಿರೇ, ನಿಮ್ಮಲ್ಲಿ ಒಬ್ಬನಿಗೆ ಮೂರು ಗಂಟೆಯ ಕೆಲಸವಿದ್ದರೆ ಹೇಳಿ. ಕಲಿಸಲು ಮೊದಲ ತಿಂಗಳು ನಾನೇ ಬಂದು ಅವನ ಪಕ್ಕದಲ್ಲಿ ನಿಲ್ಲುತ್ತೇನೆ.