ಮೊದಲು ಕಿವಿ ತಯಾರಾಗಲಿ

ಶಾಲೆಯ ಸಂಗೀತ ತರಗತಿಯೊಳಗೆ ಎಲೆಕ್ಟ್ರಾನಿಕ್ ತಂಬೂರಿ, ಮೊಬೈಲು, ಧ್ವನಿಮುದ್ರಣ ಯಾವುದೂ ಬರಬಾರದು ಎನ್ನುವವರಲ್ಲಿ ನಾನು ಗೌರವಿಸುವ ವಿದ್ವಾಂಸರೂ ಇದ್ದಾರೆ. ಅವರ ಕಳಕಳಿ ನನ್ನದೂ ಹೌದು, ವಾದವನ್ನು ಮಾತ್ರ ಒಪ್ಪಲಾರೆ.

ಯಂತ್ರದಿಂದ ಪರಂಪರೆ ಕೆಡುತ್ತದೆ ಎನ್ನುತ್ತಾರೆ. ಯುರೋಪಿನ ಪಿಟೀಲನ್ನು ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಕಲಿತು ನಮ್ಮ ಸಂಗೀತಕ್ಕೆ ಒಗ್ಗಿಸಿದರು. ಈಗ ಪಿಟೀಲಿಲ್ಲದ ಹಾಡುಗಾರಿಕೆಯ ಕಛೇರಿ ಅಪರೂಪ. ಗದಗಿನ ಹುಡುಗ ಭೀಮಸೇನ ಜೋಶಿಯವರು ಅಬ್ದುಲ್ ಕರೀಂ ಖಾನರ ಗ್ರಾಮಫೋನ್ ತಟ್ಟೆ ಕೇಳಿ ಮನೆ ಬಿಟ್ಟು ಹೊರಟದ್ದು ಗುರುವನ್ನು ಹುಡುಕಿಕೊಂಡು. ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯನ್ನು ರೂಪಿಸಿದ ಬೆಂಗಳೂರಿನ ಜಿ. ರಾಜ್ ನಾರಾಯಣ್ ಸ್ವತಃ ಕೊಳಲು ನುಡಿಸುವವರು.

ಸ್ವರಶುದ್ಧಿ ಹೋಗುತ್ತದೆ ಎಂಬ ಎರಡನೆಯ ಮಾತಿನಲ್ಲಿ ಸತ್ಯವಿದೆ. ಇದೇ ಕಾರಣ ಮುಂದಿಟ್ಟು ರೇಡಿಯೊ 1940ರಲ್ಲಿ ಹಾರ್ಮೋನಿಯಂ ನಿಷೇಧಿಸಿ, ಮೂರು ದಶಕ ಹೊರಗಿಟ್ಟಿತ್ತು. ಕೀಬೋರ್ಡು ಒಂದು ಸ್ಥಾಯಿಯನ್ನು 12 ಸಮಪಾಲು ಮಾಡುತ್ತದೆ. ಚೆನ್ನಾಗಿ ಶ್ರುತಿ ಕೂಡಿದ ತಂಬೂರಿಯಲ್ಲಿ ಯಾರೂ ಮೀಟದೆಯೇ ಒಂದು ಗಾಂಧಾರ ಕೇಳುತ್ತದಲ್ಲ, ಕೀಬೋರ್ಡಿನ ಅಂತರ ಗಾಂಧಾರ ಅದಕ್ಕಿಂತ ಮೇಲೆ ನಿಲ್ಲುತ್ತದೆ: ಅರ್ಧ ಸ್ವರವನ್ನು 100 ಪಾಲು ಮಾಡಿದರೆ ಸುಮಾರು 14 ಪಾಲಿನಷ್ಟು. ಅದಕ್ಕೇ ಮಾಯಾಮಾಳವಗೌಳದ ಸರಳೆ ವರಸೆ ಹೇಳಿಕೊಡುವಾಗ ಕೀಬೋರ್ಡನ್ನು ನಾನು ಮುಟ್ಟುವುದಿಲ್ಲ. ಆದರೆ ಆ ದೋಷವನ್ನು ಶ್ರುತಿಪೆಟ್ಟಿಗೆಯ ತಲೆಗೆ ಕಟ್ಟುವುದು ಸರಿಯಲ್ಲ. ಅದು ಹಿಡಿದು ನಿಲ್ಲುವುದು ಷಡ್ಜ ಪಂಚಮಗಳನ್ನು. ಉಳಿದದ್ದನ್ನು ಮಗುವಿನ ಕಿವಿಯೇ ಹುಡುಕಬೇಕು.

ಮರದ ತಂಬೂರಿಯನ್ನೇ ತನ್ನಿ ಎನ್ನುವವರು ನನ್ನ ತರಗತಿಗೆ ಒಮ್ಮೆ ಬರಲಿ. 40 ನಿಮಿಷದ ಪೀರಿಯಡ್ಡು, ಅಷ್ಟೇ ಮಕ್ಕಳು. ಮಳೆಗಾಲದಲ್ಲಿ ತಂತಿ ಇಳಿದು ಶ್ರುತಿ ಮಾಡುವುದರಲ್ಲೇ ಕಾಲು ಪೀರಿಯಡ್ಡು ಹೋಗುತ್ತದೆ. ನನ್ನದು ಒಂದೂವರೆ ಮನೆ ಶ್ರುತಿ, ಹುಡುಗಿಯರದು ಐದು. ಒಂಬತ್ತನೇ ತರಗತಿಯ ಹುಡುಗರ ಗಂಟಲು ಒಡೆಯುತ್ತಿರುತ್ತದೆ; ಹೋದ ತಿಂಗಳು ಹಾಡಿದ ಶ್ರುತಿ ಈ ತಿಂಗಳು ಎಟುಕದು, ಆ ಸಂಕೋಚಕ್ಕೇ ಎಷ್ಟೋ ಹುಡುಗರು ಹಾಡುವುದನ್ನು ಬಿಟ್ಟಿದ್ದಾರೆ. ಗುಂಡಿ ತಿರುಗಿಸಿ ಅವರಿಗೆ ಹೊಂದುವ ಶ್ರುತಿ ಕೊಟ್ಟರೆ ಮತ್ತೆ ಬಾಯಿ ಬಿಡುತ್ತಾರೆ. ರಿಷಭ ಏರುತ್ತಿದೆಯೆಂದು ನಾನು ವಾರಗಟ್ಟಲೆ ಹೇಳಿದರೂ ಒಬ್ಬ ಹುಡುಗನಿಗೆ ತಿಳಿಯುತ್ತಿರಲಿಲ್ಲ. ಅವನ ಹಾಡನ್ನೇ ಮುದ್ರಿಸಿ ಕೇಳಿಸಿದೆ. ಎರಡನೇ ಸಲ ಕೇಳುವಾಗ ತಾನೇ ಕೈಯೆತ್ತಿ, "ಅಲ್ಲಿ ಸಾರ್" ಎಂದ.

ಮೊಬೈಲು ಮಕ್ಕಳ ಗಮನ ಕೆಡಿಸುತ್ತದೆ ಎಂಬ ಪೋಷಕರ ಭಯಕ್ಕೆ ಉತ್ತರ ಚಿಕ್ಕದು: ತರಗತಿಯಲ್ಲಿರುವುದು ಒಂದೇ ಮೊಬೈಲು, ಅದು ಮೇಷ್ಟ್ರ ಮೇಜಿನ ಮೇಲೆ.

ಆ್ಯಪ್ ಬಂದಮೇಲೆ ಸಂಗೀತ ಮೇಷ್ಟ್ರು ಯಾಕೆ ಎಂದು ಕೇಳುವವರು ಇನ್ನೊಂದು ದಿಕ್ಕಿನವರು. ನನಗೆ ಹೆಚ್ಚು ನೋವಾಗುವುದು ಈ ಮಾತಿಗೆ. ತೋಡಿಯ ಗಾಂಧಾರ ಒಂದೆಡೆ ನಿಲ್ಲುವ ಸ್ವರವಲ್ಲ. ಆ್ಯಪಿನ ಮುಳ್ಳು ಅತ್ತಿತ್ತ ಓಲಾಡುತ್ತದೆ, ಆ ಗಮಕ ಸರಿಯೋ ತಪ್ಪೋ ಅದು ಹೇಳದು. ಮಗು ಗಂಟಲು ಬಿಗಿಹಿಡಿದು ಹಾಡುತ್ತಿದೆಯೆಂದು ಅದಕ್ಕೆ ಕಾಣದು. ನಮ್ಮ ಸರ್ಕಾರಿ ಶಾಲೆಗಳಲ್ಲಿ ಸಂಗೀತ ಶಿಕ್ಷಕರು ಮೊದಲೇ ವಿರಳ. ಶಿಕ್ಷಕರನ್ನು ನೇಮಿಸದೆ ಬರೀ ಆ್ಯಪ್ ಹಂಚುವುದಾದರೆ, ಅದನ್ನು ವಿರೋಧಿಸಲು ಆ ಹಿರಿಯ ವಿದ್ವಾಂಸರ ಪಕ್ಕದಲ್ಲಿ ನಾನೂ ನಿಲ್ಲುತ್ತೇನೆ.