ಒಂದು ಘಟಕವನ್ನಾದರೂ ಕಾಲೇಜಿಗೆ ಬಿಡಿ

2024–25ರಲ್ಲಿ ನಮ್ಮ ಕಾಲೇಜಿಗೆ ಮೂರು ಪಠ್ಯಕ್ರಮಗಳ ಪ್ರಶ್ನೆಪತ್ರಿಕೆಗಳು ಬರುತ್ತಿದ್ದವು. ಮೊದಲ ವರ್ಷದವರು ರಾಜ್ಯ ಶಿಕ್ಷಣ ನೀತಿಯಡಿ ಸೇರಿದವರು. ಎರಡನೇ ಮತ್ತು ಮೂರನೇ ವರ್ಷದವರು ರಾಷ್ಟ್ರೀಯ ಶಿಕ್ಷಣ ನೀತಿಯವರು. ಹಿಂದಿನ ಸಿಬಿಸಿಎಸ್ ಪದ್ಧತಿಯಲ್ಲಿ ಓದಿ ಒಂದೆರಡು ಪತ್ರಿಕೆ ಬಾಕಿ ಉಳಿಸಿಕೊಂಡವರು ಇನ್ನೊಂದು ಕಡೆ. ಯಾವ ಬಂಡಲ್ ಯಾರಿಗೆ ಎಂದು ನೋಡಿ ಹಂಚುವುದೇ ಮೇಲ್ವಿಚಾರಕರಿಗೆ ಒಂದು ಕೆಲಸ. ನಾನು ಮಲೆನಾಡಿನ ತಾಲ್ಲೂಕು ಕೇಂದ್ರವೊಂದರ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತೇನೆ. ಮೂರೂ ಪಠ್ಯಕ್ರಮಗಳನ್ನು ಪಾಠ ಮಾಡಿದ್ದೇನೆ. ಒಂದನ್ನು ಬಿಟ್ಟು ಇನ್ನೊಂದನ್ನು ತಂದಾಗ, ಹಳೆಯದರಲ್ಲಿ ಮಕ್ಕಳು ಏನು ಕಲಿತರು, ಎಲ್ಲಿ ಎಡವಿದರು ಎಂದು ನನ್ನನ್ನಾಗಲಿ ನನ್ನ ಸಹೋದ್ಯೋಗಿಗಳನ್ನಾಗಲಿ ಯಾರೂ ಕೇಳಲಿಲ್ಲ.

ರಾಷ್ಟ್ರೀಯ ಶಿಕ್ಷಣ ನೀತಿಯನ್ನು ದೇಶದಲ್ಲಿ ಮೊದಲು ಜಾರಿಗೆ ತಂದ ರಾಜ್ಯ ನಮ್ಮದು. 2021ರಲ್ಲಿ ನಾಲ್ಕು ವರ್ಷದ ಪದವಿ ಬಂತು. ಸುಖದೇವ್ ಥೋರಟ್ ನೇತೃತ್ವದ ಆಯೋಗದ ಮಧ್ಯಂತರ ವರದಿಯ ಆಧಾರದಲ್ಲಿ 2024ರ ಮೇ ತಿಂಗಳಲ್ಲಿ ಮೂರು ವರ್ಷದ ಪದವಿ ಮರಳಿತು. ಆ ಹೊತ್ತಿಗೆ ನಾಲ್ಕು ವರ್ಷ ಪೂರೈಸಿದ ಒಂದು ತಂಡವೂ ಹೊರಬಿದ್ದಿರಲಿಲ್ಲ. ಯಾವ ನೀತಿ ಸರಿ ಎಂಬ ವಾದಕ್ಕೆ ನಾನು ಇಳಿಯುವುದಿಲ್ಲ. ಗ್ರಾಮೀಣ ಹೆಣ್ಣುಮಕ್ಕಳಿಗೆ ನಾಲ್ಕನೇ ವರ್ಷ ಹೊರೆಯಾಗುತ್ತದೆ ಎಂಬ ಮಾತಿನಲ್ಲಿ ನಿಜವಿತ್ತು. ಆದರೆ ಒಂದು ಪಠ್ಯಕ್ರಮ ಗೆದ್ದಿತೋ ಸೋತಿತೋ ಎಂದು ತಿಳಿಯಲು ಅದನ್ನು ಪೂರ್ತಿ ಓದಿದ ಒಂದು ತಂಡವಾದರೂ ಬೇಕಲ್ಲ.

ಪತ್ರಿಕೆಗಳಲ್ಲಿ ಪಠ್ಯದ ಸುದ್ದಿ ಬರುವುದು ಶಾಲಾ ಪುಸ್ತಕದ ಜಗಳವಾದಾಗ. 2022ರಲ್ಲಿ ರೋಹಿತ್ ಚಕ್ರತೀರ್ಥ ಸಮಿತಿಯ ಪರಿಷ್ಕರಣೆ, 2023ರಲ್ಲಿ ಸರ್ಕಾರ ಬದಲಾದೊಡನೆ ಅದರ ಹಲವು ಪಾಠಗಳಿಗೆ ಕತ್ತರಿ, ಎರಡೂ ಕಡೆಯಿಂದ ದಿನಗಟ್ಟಲೆ ವಾಗ್ವಾದ. ಮಕ್ಕಳು ಯಾರ ಬರಹ ಓದಬೇಕು ಎಂಬುದು ಖಂಡಿತ ದೊಡ್ಡ ಪ್ರಶ್ನೆ. ಕಾಲೇಜಿನ ಪಠ್ಯಕ್ರಮ ಮಾತ್ರ ಯಾವ ಸದ್ದೂ ಇಲ್ಲದೆ, ಯಾರ ಕಣ್ಣಿಗೂ ಬೀಳದೆ ತೀರ್ಮಾನವಾಗುತ್ತದೆ.

ಅದು ಆಗುವುದು ಅಧ್ಯಯನ ಮಂಡಳಿಯ ಸಭೆಯಲ್ಲಿ. ನಾವೆಲ್ಲ ಬಿಓಎಸ್ ಎನ್ನುತ್ತೇವೆ. ವಿಶ್ವವಿದ್ಯಾಲಯದ ಸ್ನಾತಕೋತ್ತರ ವಿಭಾಗದ ಹಿರಿಯ ಪ್ರಾಧ್ಯಾಪಕರೊಬ್ಬರು ಅಧ್ಯಕ್ಷರು. ಪದವಿ ಕಾಲೇಜುಗಳಿಂದ ಕೆಲವರು ಸದಸ್ಯರು. ನಾನೂ ಒಂದು ಅವಧಿಗೆ ಸದಸ್ಯೆಯಾಗಿದ್ದೆ. ಮಾದರಿ ಪಠ್ಯಕ್ರಮ ಮೇಲಿನಿಂದಲೇ ಸಿದ್ಧವಾಗಿ ಬಂದಿರುತ್ತದೆ: ಒಂದು ಪತ್ರಿಕೆಗೆ 56 ಗಂಟೆ, 14 ಗಂಟೆಗಳ ನಾಲ್ಕು ಘಟಕ. ಆ ಚೌಕಟ್ಟಿನೊಳಗೆ ಸಭೆಯಲ್ಲಿ ಹೆಚ್ಚು ಬಿಸಿಯೇರುವುದು ವರ್ಕ್‌ಲೋಡ್ ವಿಚಾರಕ್ಕೆ. ತಳಿಶಾಸ್ತ್ರವನ್ನು ನಾವು ಇಟ್ಟುಕೊಳ್ಳುವುದೋ, ಪ್ರಾಣಿಶಾಸ್ತ್ರದವರಿಗೆ ಬಿಡುವುದೋ? ಒಂದು ಪ್ರಾಯೋಗಿಕ ತರಗತಿ ಕಡಿಮೆಯಾದರೆ ವಾರಕ್ಕೆ ಎಷ್ಟು ಗಂಟೆ ಹೋಯಿತು?

ಇದನ್ನು ಸ್ವಾರ್ಥವೆಂದು ಹಗುರವಾಗಿ ತಳ್ಳಿಹಾಕಬಾರದು. ಸರ್ಕಾರಿ ಪದವಿ ಕಾಲೇಜುಗಳು ನಡೆಯುತ್ತಿರುವುದೇ ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರಿಂದ. ವಾರಕ್ಕೆ ಎಷ್ಟು ಗಂಟೆ ಪಾಠ ಎಂಬುದರ ಮೇಲೆ ಅವರ ಗೌರವಧನ ನಿಂತಿದೆ. ಒಂದು ಪತ್ರಿಕೆ ಬಿದ್ದುಹೋದರೆ ಹತ್ತು ಹದಿನೈದು ವರ್ಷ ಕಲಿಸಿದವರು ಮುಂದಿನ ಸೆಮಿಸ್ಟರ್‌ಗೆ ಮನೆಯಲ್ಲಿ ಕೂರಬೇಕು. ಹೊಟ್ಟೆಪಾಡಿನ ಭಯ ಮೇಜಿನ ಮೇಲೆ ಕೂತಿರುವಾಗ ವಿದ್ಯಾರ್ಥಿಗೆ ಏನು ಬೇಕು ಎಂಬ ಮಾತು ಸಭೆಯ ಕೊನೆಗೆ, ಬಸ್ಸಿನ ಹೊತ್ತಾದಾಗ ಬರುತ್ತದೆ. ಹುದ್ದೆಗಳನ್ನು ಕಾಯಂ ಮಾಡಿ ತುಂಬದೆ ಒಳ್ಳೆಯ ಪಠ್ಯಕ್ರಮ ಬರೆಯಿರಿ ಎಂದರೆ ಅದು ಆಗುವ ಕೆಲಸವಲ್ಲ.

ಇದೆಲ್ಲ ತರಗತಿಯಲ್ಲಿ ಏನಾಗಿ ಬರುತ್ತದೆ ಎಂಬುದಕ್ಕೆ ಒಂದೇ ಪಾಠ ಹೇಳುತ್ತೇನೆ. ಸಸ್ಯರೋಗಗಳ ಘಟಕದಲ್ಲಿ ಆಲೂಗಡ್ಡೆಯ ಅಂಗಮಾರಿ, ಶೇಂಗಾದ ಎಲೆಚುಕ್ಕೆ, ನಿಂಬೆಯ ಕಜ್ಜಿ, ಬಾಳೆಯ ಗುಚ್ಛತುದಿ ಎಲ್ಲ ಸಾಲಾಗಿ ಇವೆ. ಅಡಿಕೆಯ ಕೊಳೆರೋಗವೂ ಇದೆ. ಪಟ್ಟಿಯಲ್ಲಿ ಹೆಸರು ಸಿಕ್ಕಿದೆ, ಸಮಯ ಸಿಕ್ಕಿಲ್ಲ. ಅದಕ್ಕೆ ಬರುವ ಪಾಲು ಅರ್ಧ ಗಂಟೆಗಿಂತ ಹೆಚ್ಚಿಲ್ಲ. ನನ್ನ ತರಗತಿಯಲ್ಲಿ ಕೂತ ಮಕ್ಕಳಲ್ಲಿ ಬಹಳಷ್ಟು ಜನರ ಮನೆಯ ಅನ್ನ ಬರುವುದು ಅಡಿಕೆಯಿಂದ, ಇಲ್ಲವೇ ಅಡಿಕೆ ತೋಟದ ಕೂಲಿಯಿಂದ. ಐರ್ಲೆಂಡಿನಲ್ಲಿ 1845ರಲ್ಲಿ ಆಲೂಗಡ್ಡೆ ಕೊಳೆತು ಬರ ಬಿದ್ದದ್ದನ್ನು ಅವರು ಬಾಯಿಪಾಠ ಹೇಳುತ್ತಾರೆ. ಅದಕ್ಕೆ ಕಾರಣವಾದ ಫೈಟಾಫ್ತೊರ ಕುಲದ್ದೇ ಇನ್ನೊಂದು ಪ್ರಭೇದ ತಮ್ಮ ತೋಟದ ಗೊನೆಯನ್ನು ಕೊಳೆಸುತ್ತಿದೆ ಎಂದು ಅವರ ಮನಸ್ಸಿಗೆ ಮುಟ್ಟುವಂತೆ ಹೇಳಲು ಮಾತ್ರ ಪುರುಸೊತ್ತಿಲ್ಲ.

ಈ ರೋಗಕ್ಕೆ ನಮ್ಮ ನಾಡಿನಲ್ಲೇ ಒಂದು ಚರಿತ್ರೆಯಿದೆ. ಮೈಸೂರು ಸಂಸ್ಥಾನ 1908ರಲ್ಲಿ ಲೆಸ್ಲಿ ಕೋಲ್ಮನ್ ಎಂಬ ಕೆನಡಾದ ವಿಜ್ಞಾನಿಯನ್ನು ಕರೆಸಿಕೊಂಡಿತು. ಅವರು ಮಲೆನಾಡಿನ ಕೊಳೆರೋಗವನ್ನು ಅಭ್ಯಸಿಸಿ 1910ರಲ್ಲಿ ಅದರ ಬಗ್ಗೆ ಪ್ರಕಟಿಸಿದರು, ಬೋರ್ಡೋ ದ್ರಾವಣ ಹೊಡೆಯುವುದನ್ನು ರೈತರಿಗೆ ರೂಢಿ ಮಾಡಿಸಿದರು. ಅದಕ್ಕೂ ಮೊದಲು ಗೊನೆಗೆ ಕೊಟ್ಟೆ ಕಟ್ಟಿ ಮಳೆಯಿಂದ ಕಾಯುತ್ತಿದ್ದರು. ಇವತ್ತಿಗೂ ಮಳೆ ಹಿಡಿಯುವ ಮುಂಚೆ ಒಮ್ಮೆ, ಆಮೇಲೆ ನಲವತ್ತು ನಲವತ್ತೈದು ದಿನಕ್ಕೆ ಮತ್ತೊಮ್ಮೆ ಮದ್ದು ಹೊಡೆಯುತ್ತಾರೆ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಹದ ಬಂತೋ ಇಲ್ಲವೋ ನೋಡಲು ಕತ್ತಿಯನ್ನು ಅದ್ದಿ ತೆಗೆಯುತ್ತಾರೆ. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು ಎಂದರ್ಥ. ರಸಾಯನಶಾಸ್ತ್ರದ ಪ್ರಯೋಗವೊಂದನ್ನು ನಮ್ಮ ವಿದ್ಯಾರ್ಥಿಗಳು ಚಿಕ್ಕಂದಿನಿಂದ ಅಂಗಳದಲ್ಲಿ ನೋಡಿದ್ದಾರೆ. ಪಠ್ಯಕ್ರಮಕ್ಕೆ ಅದು ಗೊತ್ತಿಲ್ಲ.

ಇದಕ್ಕೆ ವೇಳಾಪಟ್ಟಿಯ ತೊಡಕೂ ಸೇರಿಕೊಳ್ಳುತ್ತದೆ. ಕೋವಿಡ್ ನಂತರ ಶೈಕ್ಷಣಿಕ ವರ್ಷ ಹಳಿ ತಪ್ಪಿ, ಮೊದಲ ಸೆಮಿಸ್ಟರ್ ಅಕ್ಟೋಬರ್, ನವೆಂಬರಿಗೆ ಜಾರಿತ್ತು. ಶಿಲೀಂಧ್ರಗಳ ಪಾಠ ಬರುವ ಹೊತ್ತಿಗೆ ಮಳೆ ಹಿಂದೆ ಸರಿದಿತ್ತು. ಕಾಡು ತೋಟಗಳಲ್ಲಿ ಅಣಬೆ, ಬೂಷ್ಟು, ಕೊಳೆ ತುಂಬಿರುವ ಜುಲೈ, ಆಗಸ್ಟಿನಲ್ಲಿ ನಾವು ಪರೀಕ್ಷೆ ಮತ್ತು ಮೌಲ್ಯಮಾಪನದಲ್ಲಿ ಮುಳುಗಿದ್ದೆವು. ಒಬ್ಬ ಹುಡುಗಿ ಒಂದು ಬೆಳಿಗ್ಗೆ ಪ್ಲಾಸ್ಟಿಕ್ ಚೀಲದಲ್ಲಿ ಉದುರಿದ ಅಡಿಕೆ ತಂದು, “ಮೇಡಂ, ನಮ್ಮ ತೋಟದ ಕೊಳೆ ಇದು, ಪ್ರಾಕ್ಟಿಕಲ್‌ನಲ್ಲಿ ನೋಡಬಹುದಾ?” ಎಂದಳು. ಅವಳ ಪ್ರಾಕ್ಟಿಕಲ್ ಪರೀಕ್ಷೆ ಮುಗಿದು ವಾರವಾಗಿತ್ತು. ಆದರೂ ಸ್ಲೈಡ್ ಮಾಡಿ ಮೈಕ್ರೋಸ್ಕೋಪಿನಡಿ ಇಟ್ಟೆವು. ಆ ನೋಟಕ್ಕೆ ಅಂಕವಿರಲಿಲ್ಲ.

ಈ ಅಂಕದ ಮಾತನ್ನು ಬಿಡಿಸಿ ಹೇಳಬೇಕು. ರಾಷ್ಟ್ರೀಯ ನೀತಿಯಡಿ ಪತ್ರಿಕೆಯೊಂದಕ್ಕೆ 40 ಆಂತರಿಕ ಅಂಕಗಳಿದ್ದವು. ಈಗ ಬಹುತೇಕ ಕಡೆ ಅದು 20ಕ್ಕೆ ಇಳಿದಿದೆ. ಆಂತರಿಕ ಅಂಕವನ್ನು ಕೆಲವು ಕಾಲೇಜುಗಳು ಪ್ರಸಾದದಂತೆ ಹಂಚಿದ್ದು ನಿಜ, ಆ ದೂರು ನ್ಯಾಯವಾದದ್ದೇ. ಆದರೆ ಶಿಕ್ಷಕರನ್ನು ನಂಬಲಾಗದು ಎಂದು ಕೊನೆಯ ಪರೀಕ್ಷೆಗೇ ಎಲ್ಲವನ್ನೂ ಒಪ್ಪಿಸಿದರೆ, ಪ್ರಶ್ನೆಪತ್ರಿಕೆಗೆ ಒಗ್ಗುವ ವಿಷಯ ಮಾತ್ರ ಪಠ್ಯಕ್ರಮದಲ್ಲಿ ಉಳಿಯುತ್ತದೆ. ಜಿಲ್ಲೆ ಜಿಲ್ಲೆಗೆ ಬೇರೆಯಾಗುವ ಬೆಳೆ, ಮಣ್ಣು, ರೋಗ ಯಾವುದೂ ಅದರೊಳಗೆ ಬರಲಾರದು.

ಶಿಕ್ಷಕರೇ ಪಠ್ಯ ಕಟ್ಟಬಲ್ಲರು ಎಂಬುದಕ್ಕೆ ನಲಿಕಲಿ ಇದೆ. 1995ರಲ್ಲಿ ಎಚ್.ಡಿ. ಕೋಟೆಯ ಪ್ರಾಥಮಿಕ ಶಾಲೆಯ ಮೇಷ್ಟ್ರುಗಳು ಆಂಧ್ರದ ರಿಷಿವ್ಯಾಲಿಗೆ ಹೋಗಿ ನೋಡಿ ಬಂದರು. ತಮ್ಮ ಮಕ್ಕಳಿಗೆ ಒಪ್ಪುವ ಕಲಿಕಾ ಕಾರ್ಡುಗಳನ್ನು ತಾವೇ ಕೂತು ಬರೆದರು, ತರಗತಿಯಲ್ಲಿ ಬಳಸಿ ತಿದ್ದಿದರು. ಹಲವು ವರ್ಷ ಹಾಗೆ ಪಳಗಿದ ಮೇಲೆಯೇ ಅದು 2009–10ರಲ್ಲಿ ರಾಜ್ಯದ ಸರ್ಕಾರಿ ಶಾಲೆಗಳ ಕೆಳ ತರಗತಿಗಳಿಗೆಲ್ಲ ಹಬ್ಬಿದ್ದು.

ನಾನು ಕೇಳುತ್ತಿರುವುದು ಅಷ್ಟು ದೊಡ್ಡದೇನೂ ಅಲ್ಲ. ಪ್ರತಿ ಪತ್ರಿಕೆಯ ನಾಲ್ಕು ಘಟಕಗಳಲ್ಲಿ ಒಂದನ್ನು, 14 ಗಂಟೆಯನ್ನು, ಆಯಾ ಕಾಲೇಜಿನ ಶಿಕ್ಷಕರಿಗೆ ಬಿಡಿ. ಅದರ ಅಂಕ ಆಂತರಿಕವಾಗಿರಲಿ. ಪಕ್ಕದ ಕಾಲೇಜಿನ ಅದೇ ವಿಷಯದವರು ಬಂದು ವಿದ್ಯಾರ್ಥಿಗಳ ದಾಖಲೆ ಪುಸ್ತಕ ನೋಡಿ ಸಹಿ ಹಾಕಲಿ. ಪ್ರಾಯೋಗಿಕ ಪರೀಕ್ಷೆಗೆ ಹೊರಗಿನ ಪರೀಕ್ಷಕರು ಹೇಗೂ ಬರುತ್ತಾರೆ, ಇದಕ್ಕೂ ಬರಬಹುದು. ಗಂಟೆಗಳ ಲೆಕ್ಕ ಬದಲಾಗದ ಕಾರಣ ಯಾವ ಅತಿಥಿ ಉಪನ್ಯಾಸಕರ ಕೆಲಸಕ್ಕೂ ಇದರಿಂದ ಕುತ್ತಿಲ್ಲ. ರಾಯಚೂರಿನವರು ಹತ್ತಿ, ಭತ್ತ ನೋಡಲಿ, ಮಂಡ್ಯದವರು ಕಬ್ಬಿನ ಗದ್ದೆಗೆ ಹೋಗಲಿ. ಇಂಥ ಬದಲಾವಣೆಗೆ ವಿಧಾನಸಭೆಯಲ್ಲಿ ಕಾಯ್ದೆ ತಿದ್ದಬೇಕಾಗಿಲ್ಲ. ಬಿಓಎಸ್ ಬರೆದು ವಿದ್ಯಾವಿಷಯಕ ಪರಿಷತ್ತು ಒಪ್ಪಿದರೆ ಮುಂದಿನ ವರ್ಷದಿಂದಲೇ ಶುರು ಮಾಡಬಹುದು.